ಟವೆಲ್ ಹಾಕಿ ಸೀಟು ಹಿಡಿಯುವ ಕಾಫಿ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆದುಕೊಡಿ ಎಂದು ಕೆಲವರು ಕೇಳಿದರು. ಮಧ್ಯೆ ಬಂದ ಅಡ್ಡಕಥೆಗಳಲ್ಲಿ ಕೆಲವನ್ನು ತೆಗೆದಿದ್ದೇನೆ, ಕೆಲವನ್ನು ಬಿಡಲು ಮನಸ್ಸಾಗಲಿಲ್ಲ.)

ಎಲ್ಲರಿಗೂ ನಮಸ್ಕಾರ.

ಈಗ ಗಂಟೆ ಐದೂವರೆ. ನನ್ನ ಮಾತು ಮುಗಿಯುವಾಗ ಆರೂವರೆ ಆಗಬಹುದು. ಹಿಂದಿನ ಬೆಂಚಿನ ಮೇಲೆ ಎರಡು ದೊಡ್ಡ ಫ್ಲಾಸ್ಕ್ ಇಟ್ಟಿದ್ದಾರೆ, ಅದರಲ್ಲಿ ಏನಿದೆ ಅಂತ ಇಲ್ಲಿವರೆಗೂ ವಾಸನೆ ಬರುತ್ತಿದೆ. ಕಾಫಿಯ ಬಗ್ಗೆ ಮಾತಾಡಿ ಅಂತ ಕರೆದು, ಮಾತು ಮುಗಿದ ಮೇಲೆ ಕಾಫಿಯನ್ನೇ ಕೊಡುತ್ತೀರಿ. ಆ ಫ್ಲಾಸ್ಕಿನ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಬಾಬಾ ಬುಡನ್ ಏಳು ಬೀಜ ತಂದ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70 ನಮ್ಮ ರಾಜ್ಯದ್ದೇ ಅನ್ನುವುದೂ ಗೊತ್ತು. ನಾನು ಮೂವತ್ತು ವರ್ಷ ಜನರಲ್ ಪ್ರಾಕ್ಟೀಸ್ ಮಾಡಿದವನು. ಅಷ್ಟು ವರ್ಷದಲ್ಲಿ ಒಂದು ವಿಷಯ ಗಮನಿಸಿದೆ. ಕಾಫಿ ಅಂದರೆ ಜನಕ್ಕೆ ಹೆದರಿಕೆ ಇದೆ. ಆದರೆ ಆ ಹೆದರಿಕೆ ತಪ್ಪು ಜಾಗದಲ್ಲಿದೆ. ಹಾರ್ಟಿಗೆ ಏನಾದರೂ ಆಗುತ್ತಾ, ಕ್ಯಾನ್ಸರ್ ಬರುತ್ತಾ ಅಂತ ಕೇಳುತ್ತಾರೆ. ನಿದ್ದೆ ಬರ್ತಿಲ್ಲ ಅಂತ ಬಂದವರು ಕಾಫಿಯ ಮಾತು ಎತ್ತುವುದಿಲ್ಲ. ರಕ್ತ ಕಮ್ಮಿ ಅಂತ ಬಂದವರು ಕೂಡ ಎತ್ತುವುದಿಲ್ಲ. ಕಾಫಿ ನಮ್ಮಿಂದ ಏನಾದರೂ ಕಿತ್ತುಕೊಳ್ಳುತ್ತಿದ್ದರೆ ಅದು ಈ ಎರಡು ಕಡೆಯಿಂದಲೇ.

ಮೊದಲು ಹೆದರಿಕೆಗಳನ್ನು ಬೇಗ ಮುಗಿಸಿಬಿಡೋಣ.

ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1991ರಲ್ಲಿ ಕಾಫಿಯನ್ನು 'ಮೂತ್ರಕೋಶದ ಕ್ಯಾನ್ಸರ್ ತರಬಹುದೇನೋ' ಅನ್ನುವ ಪಟ್ಟಿಗೆ ಸೇರಿಸಿತ್ತು. ಆಗ ಹುಟ್ಟಿದ ಭಯ ಇದು. 2016ರಲ್ಲಿ ಅವರೇ ಮತ್ತೆ ಕೂತು, ಸಾವಿರಕ್ಕೂ ಜಾಸ್ತಿ ಅಧ್ಯಯನಗಳನ್ನು ನೋಡಿ, ಕಾಫಿಯನ್ನು ಆ ಪಟ್ಟಿಯಿಂದ ತೆಗೆದರು. ಹಳೆಯ ಅಧ್ಯಯನಗಳಲ್ಲಿ ಒಂದು ಗೊಂದಲ ಇತ್ತು. ಜಾಸ್ತಿ ಕಾಫಿ ಕುಡಿಯುವವರು ಜಾಸ್ತಿ ಸಿಗರೇಟೂ ಸೇದುತ್ತಿದ್ದರು. ಸಿಗರೇಟಿನ ಪಾಪ ಕಾಫಿಯ ತಲೆಗೆ ಬಂದಿತ್ತು.

ಆದರೆ ಅದೇ ಸಭೆಯಲ್ಲಿ ಇನ್ನೊಂದು ಮಾತು ಹೇಳಿದರು, ಅದು ಅಷ್ಟಾಗಿ ಸುದ್ದಿಯಾಗಲಿಲ್ಲ. 65 ಡಿಗ್ರಿಗಿಂತ ಬಿಸಿಯಾಗಿ ಏನನ್ನೇ ಕುಡಿದರೂ, ಅದು ಕಾಫಿಯಾಗಲಿ ಟೀ ಆಗಲಿ, ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗಬಹುದು ಅಂತ. ನಮ್ಮಲ್ಲಿ 'ಹಬೆಯಾಡುವ ಕಾಫಿ' ಅಂದರೆ ಹೆಮ್ಮೆ. ನಾಲಿಗೆ ಸುಟ್ಟರೇ ಕಾಫಿ ಅನ್ನುವವರಿದ್ದಾರೆ. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎರಡು ಸಲ ಎತ್ತಿ ಸುರಿಯುತ್ತಾರಲ್ಲ, ನೊರೆ ಬರಲಿ ಅಂತ ಮಾಡುವ ಆ ಕೆಲಸ ಗಂಟಲಿಗೂ ಒಳ್ಳೆಯದೇ. ಈಗ ಲೋಟ ಬಟ್ಟಲು ಹೋಗಿ ಮುಚ್ಚಳದ ಮಗ್ಗು ಬಂದಿದೆ. ಅದರಲ್ಲಿ ಕಾಫಿ ಆರುವುದೇ ಇಲ್ಲ. ಸ್ವಲ್ಪ ಕಾಯಿರಿ, ಅಷ್ಟೆ.

ಹಾರ್ಟು. ಕಾಫಿ ಕುಡಿದರೆ ಎದೆ ಡವಡವ ಅನ್ನುತ್ತೆ ಅಂತ ಹಲವರು ಹೇಳುತ್ತಾರೆ. ಇದನ್ನು ಅಮೆರಿಕದಲ್ಲಿ ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ, 2023ರಲ್ಲಿ ಪ್ರಕಟವಾಯಿತು. ನೂರು ಜನ ಆರೋಗ್ಯವಂತರಿಗೆ ಎರಡು ವಾರ ಎದೆಬಡಿತ ಅಳೆಯುವ ಪಟ್ಟಿ ಅಂಟಿಸಿದರು. ಇವತ್ತು ಕಾಫಿ ಕುಡಿಯಿರಿ, ಇವತ್ತು ಬೇಡ ಅಂತ ದಿನದಿನಕ್ಕೆ ಚೀಟಿ ಎತ್ತಿದ ಹಾಗೆ ಫೋನಿಗೆ ಸೂಚನೆ ಕಳಿಸಿದರು. ಹೃದಯದ ಮೇಲಿನ ಕೋಣೆಯಿಂದ ಬರುವ ಅಡ್ಡಾದಿಡ್ಡಿ ಬಡಿತಗಳು ಕಾಫಿ ಕುಡಿದ ದಿನ ಹೆಚ್ಚಾಗಲಿಲ್ಲ. ಕೆಳಗಿನ ಕೋಣೆಯ ಕೆಲವು ಬಿಡಿ ಬಡಿತಗಳು ಸ್ವಲ್ಪ ಹೆಚ್ಚಾದವು. ನನಗೆ ಇಷ್ಟವಾಗಿದ್ದು ಉಳಿದ ಎರಡು ಅಂಕಿ. ಕಾಫಿ ಕುಡಿದ ದಿನ ಅದೇ ಜನ ಸುಮಾರು ಒಂದು ಸಾವಿರ ಹೆಜ್ಜೆ ಜಾಸ್ತಿ ನಡೆದರು. ಮತ್ತು ಆ ರಾತ್ರಿ 36 ನಿಮಿಷ ಕಮ್ಮಿ ಮಲಗಿದರು. ಈ 36 ನಿಮಿಷವನ್ನು ನೆನಪಿಟ್ಟುಕೊಳ್ಳಿ.

ಬೀಪಿ. ಅಭ್ಯಾಸ ಇಲ್ಲದವರು ಒಂದು ಸ್ಟ್ರಾಂಗ್ ಕಾಫಿ ಕುಡಿದರೆ ಮೇಲಿನ ಅಂಕಿ ಐದು ಹತ್ತು ಪಾಯಿಂಟು ಏರುತ್ತದೆ, ಎರಡು ಮೂರು ಗಂಟೆ ಹಾಗೇ ಇರಬಹುದು. ದಿನಾ ಕುಡಿಯುವವರ ದೇಹ ಇದಕ್ಕೆ ಹೊಂದಿಕೊಂಡಿರುತ್ತದೆ. ಅದಕ್ಕೇ ಬೀಪಿ ತೋರಿಸಲು ಬರುವ ಮುಂಚೆ ಕನಿಷ್ಠ ಅರ್ಧ ಗಂಟೆ ಕಾಫಿ ಬೇಡ. ಆಸ್ಪತ್ರೆ ಎದುರಿನ ಹೋಟೆಲಲ್ಲಿ ಒಂದು ಬೈಟು ಹೊಡೆದು ಒಳಗೆ ಬಂದು, 'ಡಾಕ್ಟ್ರೇ ಜಾಸ್ತಿ ಆಗಿದೆಯಾ' ಅಂತ ಕೇಳುವವರನ್ನು ಎಷ್ಟು ನೋಡಿದ್ದೇನೋ. ಆದರೆ ಒಂದು ಎಚ್ಚರಿಕೆ ನಿಜವಾಗಿ ಬೇಕು. ಬೀಪಿ 160/100 ದಾಟಿದ್ದು, ಹತೋಟಿಗೆ ಬಂದಿಲ್ಲದವರು. ಜಪಾನಿನಲ್ಲಿ 18,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಷ್ಟು ಬೀಪಿ ಇದ್ದು ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಕುಡಿಯುವವರಲ್ಲಿ ಹೃದಯ, ಪಾರ್ಶ್ವವಾಯು ಇಂಥ ಕಾರಣದ ಸಾವು ಹೆಚ್ಚು ಕಡಿಮೆ ಎರಡು ಪಟ್ಟು ಕಂಡಿತು. ಒಂದು ಕಪ್ ಕುಡಿಯುವವರಲ್ಲಿ ಹಾಗೆ ಕಾಣಲಿಲ್ಲ. ಅಂಥವರು ಮೊದಲು ಬೀಪಿ ಇಳಿಸಿಕೊಳ್ಳಿ, ಆಮೇಲೆ ಎರಡನೇ ಲೋಟದ ಮಾತು.

ಇನ್ನು ಒಳ್ಳೆಯ ಸುದ್ದಿ. ಇದನ್ನು ಕೇಳಲಿಕ್ಕೇ ನೀವು ಬಂದಿದ್ದೀರಿ ಅಂತ ಗೊತ್ತು. ಸಕ್ಕರೆ ಕಾಯಿಲೆಯಿಂದ ಶುರು ಮಾಡೋಣ. 2002ರಲ್ಲಿ ನೆದರ್ಲೆಂಡ್ಸಿನವರು 17,000 ಜನರ ಲೆಕ್ಕ ಇಟ್ಟುಕೊಂಡು, ದಿನಕ್ಕೆ ಏಳು ಅಥವಾ ಹೆಚ್ಚು ಕಪ್ ಕುಡಿಯುವವರಲ್ಲಿ, ಎರಡೋ ಅದಕ್ಕಿಂತ ಕಮ್ಮಿಯೋ ಕುಡಿಯುವವರಿಗೆ ಹೋಲಿಸಿದರೆ, ಎರಡನೇ ಬಗೆಯ ಸಕ್ಕರೆ ಕಾಯಿಲೆ ಅರ್ಧದಷ್ಟು ಮಾತ್ರ ಕಂಡಿತು ಅಂದರು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಅದೇ ದಿಕ್ಕಿನ ಫಲಿತಾಂಶ ಬಂತು. ಕೆಫೀನ್, ಅಂದರೆ ಕಾಫಿಯಲ್ಲಿ ನಿದ್ದೆ ಓಡಿಸುವ ವಸ್ತು, ಅದನ್ನು ತೆಗೆದ ಕಾಫಿ ಕುಡಿದವರಲ್ಲೂ ಬಂತು. ಅಂದರೆ ಕೆಲಸ ಮಾಡುತ್ತಿರುವುದು ಕೆಫೀನ್ ಒಂದೇ ಇರಲಾರದು, ಬೀಜದಲ್ಲಿರುವ ಬೇರೆ ವಸ್ತುಗಳೂ ಇರಬೇಕು. ಲಿವರಿನ ವಿಷಯದಲ್ಲೂ ಹಾಗೇ. ಕಾಫಿ ಕುಡಿಯುವವರಲ್ಲಿ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ, ಕಮ್ಮಿ. ನರರೋಗಗಳಲ್ಲಿ ಪಾರ್ಕಿನ್ಸನ್ ಕಮ್ಮಿ. ಬ್ರಿಟನ್ನಿನಲ್ಲಿ ಸುಮಾರು 5 ಲಕ್ಷ ಜನರನ್ನು ಹತ್ತು ವರ್ಷ ನೋಡಿ 2018ರಲ್ಲಿ ಹೇಳಿದ್ದು, ಕಾಫಿ ಕುಡಿಯುವವರು ಕುಡಿಯದವರಿಗಿಂತ ಸ್ವಲ್ಪ ಕಮ್ಮಿಯೇ ಸತ್ತರು ಅಂತ.

ಖುಷಿ ಪಡಿ, ಆದರೆ ಕುಣಿಯಬೇಡಿ. ಇವೆಲ್ಲ ನೋಡಿ ಬರೆದ ಲೆಕ್ಕಗಳು. ಯಾರಿಗೂ ಹತ್ತು ವರ್ಷ ಬಲವಂತವಾಗಿ ಕಾಫಿ ಕುಡಿಸಿ ನೋಡಿದ್ದಲ್ಲ. ಕಾಯಿಲೆ ಬಂದವರು ಮೊದಲು ಬಿಡುವುದು ಏನನ್ನು? ಕಾಫಿಯನ್ನೇ ಅಲ್ವಾ? ಹಾಗೆ ಬಿಟ್ಟವರೆಲ್ಲ 'ಕಾಫಿ ಕುಡಿಯದವರು' ಅನ್ನುವ ಗುಂಪಿಗೆ ಸೇರುತ್ತಾರೆ. ಆ ಗುಂಪಿನಲ್ಲಿ ಸಾವು ಜಾಸ್ತಿ ಕಾಣುತ್ತದೆ. ಸಂಶೋಧಕರು ಇದನ್ನು ಲೆಕ್ಕದಲ್ಲಿ ಸರಿಪಡಿಸಲು ನೋಡುತ್ತಾರೆ, ಪೂರ್ತಿ ಆಗುವುದಿಲ್ಲ. ಅದಕ್ಕೇ ನನ್ನ ಮಾತು ಇಷ್ಟೇ. ಇಷ್ಟಪಟ್ಟು ಕುಡಿಯುವವರು ಅಪರಾಧಿ ಭಾವ ಇಲ್ಲದೆ ಕುಡಿಯಿರಿ. ಕುಡಿಯದವರು ಔಷಧಿ ಅಂತ ಶುರು ಮಾಡಬೇಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಹಳ್ಳಿ ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಬಸ್ಸು ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಒಬ್ಬ ಓಡಿಬಂದು ಕಿಟಕಿಯಿಂದ ಟವೆಲ್ ಎಸೆಯುತ್ತಾನೆ. ಸೀಟು ಅವನದ್ದು. ಅದರ ಮೇಲೆ ಯಾರೂ ಕೂತಿಲ್ಲ. ಆದರೂ ಬೇರೆಯವರು ಕೂರುವ ಹಾಗಿಲ್ಲ. ಕೆಫೀನ್ ಮಾಡುವುದೂ ಇದನ್ನೇ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಸೇರಿಕೊಳ್ಳುತ್ತಾ ಹೋಗುತ್ತದೆ. ಅದು ಬಂದು ತನ್ನ ಸೀಟಿನಲ್ಲಿ ಕೂತಷ್ಟೂ ನಮಗೆ ತೂಕಡಿಕೆ. ಕೆಫೀನಿನ ಆಕಾರ ಅಡೆನೋಸಿನ್ನನ್ನೇ ಹೋಲುತ್ತದೆ. ಅದು ಆ ಸೀಟಿನ ಮೇಲೆ ಟವೆಲ್ ಹಾಕುತ್ತದೆ. ತಾನು ಕೂತು ನಿದ್ದೆ ತರುವುದಿಲ್ಲ, ಕೂರುವವನಿಗೂ ಬಿಡುವುದಿಲ್ಲ. ಅಡೆನೋಸಿನ್ ಎಲ್ಲಿಗೂ ಹೋಗಿಲ್ಲ, ನಿಂತೇ ಇದೆ. ಇನ್ನೂ ಹತ್ತುತ್ತಲೇ ಇದೆ. ಟವೆಲ್ ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಕಾಫಿ ಇಳಿದ ಮೇಲೆ ದಪ್ ಅಂತ ಸುಸ್ತಾಗುತ್ತದಲ್ಲ, ಅದು ಇದೇ. ಕಾಫಿ ಶಕ್ತಿ ಕೊಡುವುದಿಲ್ಲ, ಸುಸ್ತನ್ನು ಮುಂದಕ್ಕೆ ಹಾಕುತ್ತದೆ.

ಈ ಟವೆಲ್ ಎಷ್ಟು ಹೊತ್ತು ಇರುತ್ತೆ? ಆರೋಗ್ಯವಾಗಿರುವ ದೊಡ್ಡವರಲ್ಲಿ ಕುಡಿದ ಕೆಫೀನಿನ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಮೂರೇ ಗಂಟೆ, ಕೆಲವರಿಗೆ ಎಂಟು ಒಂಬತ್ತು. ಅದನ್ನು ಕರಗಿಸುವ ಕಿಣ್ವ ಲಿವರಿನಲ್ಲಿದೆ, ಅದರ ಚುರುಕುತನ ಹುಟ್ಟಿನಿಂದ ಬರುತ್ತದೆ. 'ನಾನು ರಾತ್ರಿ ಹತ್ತಕ್ಕೆ ಕಾಫಿ ಕುಡಿದೂ ಗೊರಕೆ ಹೊಡೀತೀನಿ' ಅನ್ನುವ ಭಾವನವರೊಬ್ಬರು ಎಲ್ಲರ ಮನೆಯಲ್ಲೂ ಇರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನೀವು ಅವರಲ್ಲ, ಅಷ್ಟೆ. ಸಿಗರೇಟು ಸೇದುವವರಲ್ಲಿ ಈ ಕಿಣ್ವ ಜೋರಾಗಿ ಓಡುತ್ತದೆ. ಹಾಗಾಗಿ ಸಿಗರೇಟು ಬಿಟ್ಟವರಿಗೆ ಅದೇ ಎರಡು ಲೋಟ ಕಾಫಿ ಇದ್ದಕ್ಕಿದ್ದಂತೆ ಮೂರು ನಾಲ್ಕು ಲೋಟದಷ್ಟು ಹೊಡೆಯುತ್ತದೆ. ಕೈ ನಡುಗುತ್ತೆ, ನಿದ್ದೆ ಬರಲ್ಲ. 'ಸಿಗರೇಟ್ ಬಿಟ್ಟಿದ್ದಕ್ಕೆ ಹೀಗಾಯ್ತು ಸಾರ್' ಅಂತ ಮತ್ತೆ ಹಚ್ಚಿದವರನ್ನೂ ನೋಡಿದ್ದೇನೆ. ಆ ವಾರ ಕಾಫಿಯನ್ನು ಅರ್ಧ ಮಾಡಿ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಈಗ ನಮ್ಮ ಲೋಟಕ್ಕೆ ಬರೋಣ. ಮೊನ್ನೆ ನಾನು ಅಡುಗೆಮನೆ ತಕ್ಕಡಿ ಇಟ್ಟುಕೊಂಡು ತೂಗಿದೆ. ನಮ್ಮ ಮನೆಯ ಮೂರು ಜನರ ಫಿಲ್ಟರಿಗೆ 25 ಗ್ರಾಂ ಪುಡಿ. ಎಂಬತ್ತು ಇಪ್ಪತ್ತರ ಮಿಶ್ರಣ, ಅಂದರೆ 20 ಗ್ರಾಂ ಕಾಫಿ, 5 ಗ್ರಾಂ ಚಿಕೋರಿ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಕಾಫಿಯಲ್ಲಿ ಅರೇಬಿಕಾ ಅರ್ಧ, ರೊಬಸ್ಟಾ ಅರ್ಧ. ಅರೇಬಿಕಾದಲ್ಲಿ ಕೆಫೀನ್ ನೂರಕ್ಕೆ ಒಂದೂಕಾಲು ಇದ್ದರೆ ರೊಬಸ್ಟಾದಲ್ಲಿ ಎರಡರ ಮೇಲೆ. ಒಟ್ಟು ಸುಮಾರು 340 ಮಿಲಿಗ್ರಾಂ ಆಯಿತು. ಅದರಲ್ಲಿ ಬಹುಪಾಲು ಡಿಕಾಕ್ಷನ್ನಿಗೆ ಇಳಿಯುತ್ತದೆ ಅಂದುಕೊಂಡರೆ ತಲೆಗೆ 90 ಮಿಲಿಗ್ರಾಂ ಬರುತ್ತದೆ. ಇದು ನನ್ನ ಅಡುಗೆಮನೆ ಲೆಕ್ಕ, ಲ್ಯಾಬಿನದ್ದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಸೂತ್ರಗಳಲ್ಲಿ 150 ಮಿಲಿ ಕಾಫಿಗೆ 80ರಿಂದ 120 ಮಿಲಿಗ್ರಾಂ ಅಂದಿದೆ. ಇನ್‌ಸ್ಟಂಟ್ ಕಾಫಿಗೆ 50ರಿಂದ 65. ದಿನಕ್ಕೆ 300 ದಾಟಬೇಡಿ ಅಂದಿದೆ. ನಮ್ಮ ಮನೆ ಲೆಕ್ಕದಲ್ಲಿ ಮೂರು ಲೋಟ.

ಎರಡನೇ ಡಿಕಾಕ್ಷನ್ ಬಗ್ಗೆ ಒಂದು ಮಾತು. ಕೆಫೀನ್ ಬಿಸಿನೀರಿಗೆ ಬೇಗ ಕರಗುತ್ತದೆ. ಮೊದಲ ಸಲವೇ ಹೆಚ್ಚಿನದ್ದು ಇಳಿದುಬಿಡುತ್ತದೆ. ಮತ್ತೆ ನೀರು ಹೊಯ್ದರೆ ಸಿಗುವುದು ಬಣ್ಣ, ಕಹಿ ಮತ್ತು ಚೂರು ಪಾರು. ನನ್ನ ಅಜ್ಜಿ ಬೇಡದ ನೆಂಟರಿಗೆ ಎರಡನೇ ಡಿಕಾಕ್ಷನ್ ಕಾಫಿ ಕೊಡುತ್ತಿದ್ದರು. ಅವರು ಸಂಜೆ ಏಳಕ್ಕೆ ಬರುತ್ತಿದ್ದರು. ನೆಂಟರಿಗೆ ಚೆನ್ನಾಗಿ ನಿದ್ದೆ ಬಂದಿರಬೇಕು.

ಸಂಜೆ ಆರಕ್ಕೆ ಒಂದು ಪೂರ್ತಿ ಲೋಟ ಕುಡಿದಿರಿ. 90 ಮಿಲಿಗ್ರಾಂ. ರಾತ್ರಿ ಹನ್ನೊಂದಕ್ಕೆ ಲೈಟು ಆರಿಸುವಾಗ ಇನ್ನೂ 45 ಉಳಿದಿದೆ. ಅಂದರೆ ಹಾಸಿಗೆಯ ಪಕ್ಕ ಕೂತು ಒಂದು ಬೈಟು ಕಾಫಿ ಕುಡಿದು ಮಲಗಿದ ಹಾಗೆ. ಗೊತ್ತಿದ್ದೂ ಯಾರಾದರೂ ಹಾಗೆ ಮಾಡುತ್ತೀರಾ? 2013ರ ಒಂದು ಪ್ರಯೋಗದಲ್ಲಿ ಮಲಗುವುದಕ್ಕೆ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದರು. ಅದು ದೊಡ್ಡ ಪ್ರಮಾಣ, ನಮ್ಮ ನಾಲ್ಕು ಲೋಟಕ್ಕಿಂತ ಜಾಸ್ತಿ. ನಿದ್ದೆ ಒಂದು ಗಂಟೆಗೂ ಹೆಚ್ಚು ಕಮ್ಮಿಯಾಯಿತು. ವಿಚಿತ್ರ ಏನೆಂದರೆ, ಆರು ಗಂಟೆ ಮುಂಚೆ ತೆಗೆದುಕೊಂಡಾಗ ನಿದ್ದೆ ಇಷ್ಟು ಕೆಟ್ಟಿದೆ ಅಂತ ಅವರಿಗೇ ಅನ್ನಿಸಿರಲಿಲ್ಲ. ಯಂತ್ರ ಹೇಳಿತು, ಮನುಷ್ಯರು ಹೇಳಲಿಲ್ಲ.

ಇದು ನನ್ನದೇ ಕಥೆ. ಕ್ಲಿನಿಕ್ಕಿನಲ್ಲಿ ಸಂಜೆ ಆರೂವರೆಗೆ ಹುಡುಗ ಕಾಫಿ ತರುತ್ತಿದ್ದ. ಎರಡನೇದು ಎಂಟಕ್ಕೆ. ಮನೆಗೆ ಬಂದು ಊಟ ಮಾಡಿ ಹನ್ನೊಂದಕ್ಕೆ ಮಲಗಿದರೆ ನಿದ್ದೆ ಬೇಗನೇ ಬರುತ್ತಿತ್ತು. ಎರಡೂವರೆಗೆ ಎಚ್ಚರ. ಮತ್ತೆ ನಾಲ್ಕರವರೆಗೂ ಫ್ಯಾನ್ ನೋಡುವುದು. ವಯಸ್ಸಾಯ್ತು ಅಂದುಕೊಂಡೆ. ಬೆಳಿಗ್ಗೆ ತಲೆ ಭಾರ, ಅದಕ್ಕೆ ಇನ್ನೊಂದು ಸ್ಟ್ರಾಂಗ್ ಕಾಫಿ. ಆ ಕಾಫಿ ಸಾಲದೆ ಹನ್ನೊಂದಕ್ಕೆ ಮತ್ತೊಂದು. ಹೀಗೆ ಹದಿನಾಲ್ಕು ವರ್ಷ. ನಿದ್ದೆ ಬರದವರಿಗೆ ನಾನೇ ಮಾತ್ರೆ ಬರೆದುಕೊಡುತ್ತಿದ್ದೆ, ಬರೆಯುವ ಮೇಜಿನ ಮೇಲೆ ಲೋಟ ಇರುತ್ತಿತ್ತು! ಕ್ಲಿನಿಕ್ ಹುಡುಗ ಊರಿಗೆ ಹೋಗಿ ಮೂರು ವಾರ ಬರದೆ ಇದ್ದಾಗ ಸಂಜೆ ಕಾಫಿ ತಪ್ಪಿತು. ಮೊದಲ ಮೂರು ದಿನ ಎಲ್ಲರ ಮೇಲೂ ರೇಗಿದೆ. ಎರಡನೇ ವಾರ ಬೆಳಗಿನ ಐದಕ್ಕೆ ಹಾಲಿನವನ ಗಂಟೆಗೆ ಎದ್ದೆ, ಮಧ್ಯೆ ಎಚ್ಚರವೇ ಇಲ್ಲದೆ.

ಹಾಗಾಗಿ ನನ್ನ ನಿಯಮ ಮಧ್ಯಾಹ್ನ ಎರಡು ಗಂಟೆ. ಆಮೇಲೆ ಕೆಫೀನ್ ಇಲ್ಲ. ಅಮೆರಿಕದ 40,000 ಜನರ ಲೆಕ್ಕ ಒಂದು 2025ರಲ್ಲಿ ಬಂತು. ಕಾಫಿಯನ್ನು ಬೆಳಿಗ್ಗೆಗೆ ಮಾತ್ರ ಇಟ್ಟುಕೊಂಡವರಲ್ಲಿ ಸಾವು ಕಮ್ಮಿ ಕಂಡಿತು, ದಿನವಿಡೀ ಕುಡಿಯುವವರಲ್ಲಿ ಆ ಲಾಭ ಕಾಣಲಿಲ್ಲ. ಅದೂ ನೋಡಿ ಬರೆದ ಲೆಕ್ಕವೇ. ಆದರೂ ನನ್ನ ಫ್ಯಾನಿನ ಕಥೆಗೆ ಹೊಂದುತ್ತದೆ, ಹಾಗಾಗಿ ನನಗೆ ಇಷ್ಟ.

ಟವೆಲ್ ಕಥೆಗೆ ಇನ್ನೊಂದು ತುದಿ ಇದೆ. ದಿನಾ ಟವೆಲ್ ಹಾಕಿದರೆ ಮಿದುಳು ಸುಮ್ನೆ ಇರುವುದಿಲ್ಲ, ಸೀಟುಗಳನ್ನೇ ಜಾಸ್ತಿ ಮಾಡಿಕೊಳ್ಳುತ್ತದೆ. ಒಂದು ದಿನ ಕಾಫಿ ತಪ್ಪಿದರೆ ಅಷ್ಟೂ ಸೀಟು ಖಾಲಿ. ಅಡೆನೋಸಿನ್ ನುಗ್ಗಿ ಕೂರುತ್ತದೆ, ತಲೆಯೊಳಗಿನ ರಕ್ತನಾಳ ಹಿಗ್ಗುತ್ತದೆ, ಹಣೆ ಸಿಡಿಯುತ್ತದೆ. ಏಕಾದಶಿ ತಲೆನೋವು ಅಂತ ನಮ್ಮ ಅತ್ತೆ ಕರೆಯುತ್ತಿದ್ದದ್ದು ಇದನ್ನೇ. ಹಸಿವಿನದ್ದು ಅಂದುಕೊಂಡಿದ್ದರು. ರಂಜಾನಿನ ಮೊದಲ ಎರಡು ಮೂರು ದಿನ ನನ್ನ ಮುಸ್ಲಿಂ ಪೇಶೆಂಟುಗಳೂ ಇದೇ ಹೇಳುತ್ತಿದ್ದರು. ಆಪರೇಷನ್ನಿಗೆ ಅಂತ ಹೊಟ್ಟೆ ಖಾಲಿ ಇಟ್ಟವರಿಗೂ ಬರುತ್ತದೆ. ಸಾಮಾನ್ಯವಾಗಿ ಕೊನೆಯ ಕಾಫಿ ಆಗಿ 12ರಿಂದ 24 ಗಂಟೆಯೊಳಗೆ ಶುರು, ಎರಡರಿಂದ ಒಂಬತ್ತು ದಿನ ಇರಬಹುದು. ಮೆಡಿಕಲ್ ಶಾಪಿನ ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನೇ ಇರುತ್ತದೆ, ಪ್ಯಾಕೆಟ್ ಹಿಂದೆ ಓದಿ. ಉಪವಾಸ ಮಾಡುವವರು, ಬಿಡಬೇಕು ಅನ್ನುವವರು ಒಂದೇ ಸಲ ಬಿಡಬೇಡಿ. ವಾರದ ಮುಂಚಿನಿಂದ ಎರಡು ದಿನಕ್ಕೊಮ್ಮೆ ಅರ್ಧ ಲೋಟ ಕಮ್ಮಿ ಮಾಡುತ್ತಾ ಬನ್ನಿ. ಅಥವಾ ಪುಡಿ ಅಂಗಡಿಯವರಿಗೆ ಹೇಳಿ ಚಿಕೋರಿ ಜಾಸ್ತಿ ಹಾಕಿಸಿ. ಕಾನೂನು ಪ್ರಕಾರ ಮಿಶ್ರಣದಲ್ಲಿ ಕಾಫಿ 51 ಭಾಗಕ್ಕಿಂತ ಕಮ್ಮಿ ಇರುವ ಹಾಗಿಲ್ಲ, ಅಲ್ಲಿಯವರೆಗೆ ಇಳಿಸಬಹುದು. ಚಿಕೋರಿ ಅಂದರೆ ಮೂಗು ಮುರಿಯುವವರಿಗೆ ಈ ಉಪಾಯ ಹಿಡಿಸುವುದಿಲ್ಲ.

ಇನ್ನು ರಕ್ತದ ವಿಷಯ. ದಯವಿಟ್ಟು ಇಲ್ಲಿರುವ ಹೆಣ್ಣುಮಕ್ಕಳು ಸ್ವಲ್ಪ ಗಮನ ಕೊಡಿ.

ಒಬ್ಬ ತಾಯಿ ಬರುತ್ತಿದ್ದರು. ಹಿಮೋಗ್ಲೋಬಿನ್ ಎಂಟೂವರೆ. ಕಬ್ಬಿಣದ ಮಾತ್ರೆ ಬರೆದೆ. ಮೂರು ತಿಂಗಳಾದ ಮೇಲೆ ಎಂಟೂ ಮುಕ್ಕಾಲು. ಮಾತ್ರೆ ಬದಲಾಯಿಸಿದೆ. ಇನ್ನೆರಡು ತಿಂಗಳಿಗೆ ಒಂಬತ್ತು. ಹುಳುವಿನ ಮಾತ್ರೆ ಕೊಟ್ಟೆ, ಮುಟ್ಟಿನ ರಕ್ತಸ್ರಾವ ವಿಚಾರಿಸಿದೆ, ಎಲ್ಲಾ ಸರಿ ಇತ್ತು. ಕೊನೆಗೆ ಒಂದು ದಿನ ಬೇಸರದಲ್ಲಿ ಕೇಳಿದೆ, 'ಮಾತ್ರೆ ನಿಜವಾಗಲೂ ತಗೋತೀರಾ ಅಮ್ಮಾ?' ಅವರಿಗೆ ಸಿಟ್ಟು ಬಂತು. 'ದಿನಾ ತಪ್ಪದೆ ತಗೋತೀನಿ ಡಾಕ್ಟ್ರೇ. ನೀರಲ್ಲಿ ನುಂಗಿದರೆ ವಾಕರಿಕೆ, ಅದಕ್ಕೆ ಕಾಫಿ ಜೊತೆ ನುಂಗ್ತೀನಿ.' ಐದು ತಿಂಗಳು ನಾನು ಕೇಳಿರಲಿಲ್ಲ. ತಪ್ಪು ನನ್ನದು.

ಕಾಫಿ, ಟೀ ಎರಡರಲ್ಲೂ ಇರುವ ಒಗರಿನ ವಸ್ತುಗಳು ಹೊಟ್ಟೆಯಲ್ಲೇ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. 1983ರಲ್ಲಿ ಅಮೆರಿಕದಲ್ಲಿ ಅಳೆದಿದ್ದಾರೆ. ಹ್ಯಾಂಬರ್ಗರ್ ಊಟದ ಜೊತೆ ಒಂದು ಕಪ್ ಕಾಫಿ ಕೊಟ್ಟರೆ ಕಬ್ಬಿಣ ಹೀರುವುದು ಶೇ. 39 ಕಮ್ಮಿ. ಟೀ ಕೊಟ್ಟರೆ ಶೇ. 64. ಮಾಂಸದಲ್ಲಿರುವ ಕಬ್ಬಿಣದ ಒಂದು ಭಾಗಕ್ಕೆ ಈ ತೊಂದರೆ ಅಷ್ಟಿಲ್ಲ. ಸೊಪ್ಪು, ಕಾಳು, ರಾಗಿಯ ಕಬ್ಬಿಣ ಪೂರ್ತಿ ಇದರ ಬಾಯಿಗೆ ಬೀಳುತ್ತದೆ. ನಮ್ಮ ತಟ್ಟೆಯಲ್ಲಿ ಇರುವುದು ಅದೇ ಅಲ್ವಾ?

ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಊಟಕ್ಕೆ ಒಂದು ಗಂಟೆ ಮುಂಚೆ ಕಾಫಿ ಕೊಟ್ಟರೆ ಏನೂ ಆಗಲಿಲ್ಲ. ಒಂದು ಗಂಟೆ ನಂತರ ಕೊಟ್ಟರೆ ಜೊತೆಗೆ ಕೊಟ್ಟಷ್ಟೇ ಹಾನಿ. ಇದನ್ನು ನಮ್ಮ ಮನೆಗಳಿಗೆ ಹಾಕಿ ನೋಡಿ. ಬೆಳಿಗ್ಗೆ ಎದ್ದು ಹಲ್ಲುಜ್ಜಿ ಕುಡಿಯುವ ಮೊದಲ ಕಾಫಿಗೆ ಎಲ್ಲರೂ ಬೈಯುತ್ತಾರೆ, ಖಾಲಿ ಹೊಟ್ಟೆಗೆ ಕುಡಿಯಬೇಡ ಅಂತ. ಎದೆಯುರಿ, ಹುಳಿತೇಗು ಇರುವವರಿಗೆ ಆ ಬೈಗುಳ ಸರಿ. ಆದರೆ ರಕ್ತದ ಲೆಕ್ಕದಲ್ಲಿ ಆ ಲೋಟ ನಿರಪರಾಧಿ. ಎಂಟೂವರೆಗೆ ಇಡ್ಲಿ ಜೊತೆ, ರೊಟ್ಟಿ ಪಲ್ಯದ ಜೊತೆ ಬರುತ್ತದಲ್ಲ, 'ತಿಂಡಿ ಮೇಲೆ ಒಂದು ಕಾಫಿ ಇಲ್ಲದಿದ್ರೆ ಹೇಗೆ' ಅನ್ನುವ ಎರಡನೇ ಲೋಟ, ಕಳ್ಳ ಅವನು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ. ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ ಅರ್ಧ. ಅದಕ್ಕೆಲ್ಲ ಕಾಫಿಯೇ ಕಾರಣ ಅಂದರೆ ಅನ್ಯಾಯವಾದೀತು. ತಿನ್ನುವುದೇ ಕಮ್ಮಿ ಇದೆ, ಉಳಿದದ್ದೆಲ್ಲ ಆಮೇಲೆ. ಆದರೆ ಕಮ್ಮಿ ಇರುವವರ ತಟ್ಟೆಯಿಂದಲೇ ಇದು ಕದಿಯುತ್ತದೆ. ಹಿಮೋಗ್ಲೋಬಿನ್ ಚೆನ್ನಾಗಿರುವ ಗಂಡಸರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮನೆಯಲ್ಲಿ ರಕ್ತ ಕಮ್ಮಿ ಇರುವವರು ತಿಂಡಿಗೂ ಕಾಫಿಗೂ ಮಧ್ಯೆ ಒಂದು ಗಂಟೆಗಿಂತ ಜಾಸ್ತಿ ಬಿಡಿ. ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದಲ್ಲಿ ನುಂಗಿ. ಆ ತಾಯಿ ಹಾಗೇ ಮಾಡಿದರು, ವಾಕರಿಕೆಯೂ ನಿಂತಿತು. ಮೂರು ತಿಂಗಳಿಗೆ ಹನ್ನೊಂದು.

ಥೈರಾಯ್ಡ್ ಮಾತ್ರೆಯವರಿಗೂ ಇದೇ. ಬೆಳಿಗ್ಗೆ ಮಾತ್ರೆ ನೀರಿನಲ್ಲಿ, ಕಾಫಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು. ಒಟ್ಟಿಗೆ ತೆಗೆದುಕೊಂಡರೆ ಮಾತ್ರೆ ಪೂರ್ತಿ ಒಳಗೆ ಹೋಗುವುದಿಲ್ಲ, ಡಾಕ್ಟರು ಡೋಸ್ ಏರಿಸುತ್ತಾ ಹೋಗುತ್ತಾರೆ.

ಕೊಲೆಸ್ಟರಾಲ್ ಕಥೆ ಸ್ವಾರಸ್ಯವಾಗಿದೆ. 1983ರಲ್ಲಿ ನಾರ್ವೆಯ ಉತ್ತರದ ಟ್ರೋಮ್ಸೋ ಊರಿನಲ್ಲಿ ಕಾಫಿ ಜಾಸ್ತಿ ಕುಡಿಯುವವರಿಗೆ ಕೊಲೆಸ್ಟರಾಲ್ ಜಾಸ್ತಿ ಅಂತ ಕಂಡುಬಂತು. ಬೇರೆ ದೇಶದಲ್ಲಿ ನೋಡಿದರೆ ಅಷ್ಟು ಕಾಣಲಿಲ್ಲ. ಉತ್ತರ ಇದ್ದದ್ದು ಮಾಡುವ ರೀತಿಯಲ್ಲಿ. ಅಲ್ಲಿ ಪುಡಿಯನ್ನು ಕೆಟಲ್ಲಿನಲ್ಲಿ ಕುದಿಸಿ, ಗಸಿ ಕೆಳಗೆ ಕೂತ ಮೇಲೆ ಹಾಗೇ ಬಗ್ಗಿಸಿ ಕುಡಿಯುತ್ತಿದ್ದರು. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಅನ್ನುವ ವಸ್ತು ಕೊಲೆಸ್ಟರಾಲ್ ಏರಿಸುತ್ತದೆ ಅಂತ ಆಮೇಲೆ ಡಚ್ಚರು ಕಂಡುಹಿಡಿದರು. ಕಾಗದದ ಫಿಲ್ಟರ್ ಅದನ್ನು ತಡೆದುಬಿಡುತ್ತದೆ. ಫಿನ್ಲೆಂಡಿನವರು ಕುದಿಸುವುದು ಬಿಟ್ಟು ಕಾಗದಕ್ಕೆ ಬಂದರು, ಅಲ್ಲಿ ಕೊಲೆಸ್ಟರಾಲ್ ಇಳಿದದ್ದರಲ್ಲಿ ಅದರ ಪಾಲೂ ಇದೆ.

ನಮ್ಮ ಫಿಲ್ಟರಿನಲ್ಲಿ ಕಾಗದ ಇಲ್ಲ. ಹಿತ್ತಾಳೆಯದಾಗಲಿ ಸ್ಟೀಲಿನದಾಗಲಿ, ಅದರ ತೂತು ಪುಡಿಯನ್ನು ಹಿಡಿಯುತ್ತದೆ, ಎಣ್ಣೆಯನ್ನು ಪೂರ್ತಿ ಹಿಡಿಯಲಾರದು. ಡಿಕಾಕ್ಷನ್ ಮೇಲೆ ಬೆಳಕು ಬಿದ್ದಾಗ ತೆಳ್ಳಗೆ ಮಿನುಗುವುದನ್ನು ನೋಡಿರುತ್ತೀರಿ. ಕೊಡಗು, ಮಲೆನಾಡಿನ ಬೆಲ್ಲದ ಕಾಫಿಯೂ ಕುದಿಸಿದ್ದೇ, ನಾರ್ವೆಯ ತಮ್ಮ. ದಿನಕ್ಕೆ ಎರಡು ಲೋಟದವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಇಳಿಯುತ್ತಲೇ ಇಲ್ಲ, ಕಾಫಿ ಮಾತ್ರ ನಾಲ್ಕೈದು ಲೋಟ ಅನ್ನುವವರು ಎರಡು ತಿಂಗಳು ಕಾಗದದಲ್ಲಿ ಸೋಸಿ ಕುಡಿದು, ಮತ್ತೆ ರಕ್ತ ಪರೀಕ್ಷೆ ಮಾಡಿಸಿ ನೋಡಿ. ರುಚಿ ಸ್ವಲ್ಪ ತೆಳುವಾಗುತ್ತದೆ, ನನ್ನ ಹೆಂಡತಿ ಒಪ್ಪಲಿಲ್ಲ.

ಸಕ್ಕರೆ ಬಗ್ಗೆ ಬರೀ ಲೆಕ್ಕ ಹೇಳುತ್ತೇನೆ. ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ, ದಿನಕ್ಕೆ ನಾಲ್ಕು ಲೋಟ. 40 ಗ್ರಾಂ. ತಿಂಗಳಿಗೆ ಒಂದು ಕೆಜಿ 200 ಗ್ರಾಂ, ಒಬ್ಬರಿಗೆ, ಕಾಫಿಯಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ, ಅದೂ ಎಲ್ಲಾ ಸೇರಿ. ಕಾಫಿಯಿಂದ ಸಕ್ಕರೆ ಕಾಯಿಲೆ ಕಮ್ಮಿಯಾಗುತ್ತೆ ಅನ್ನುವ ಸುದ್ದಿಯನ್ನು ಈ ಲೋಟ ಹಿಡಿದುಕೊಂಡು ಓದುವುದು ತಮಾಷೆ.

ಬಸುರಿಯರು. ಕೊನೆಯ ತಿಂಗಳುಗಳಲ್ಲಿ ಅರ್ಧ ಕೆಫೀನ್ ಖಾಲಿಯಾಗಲು ಹದಿನೈದು ಗಂಟೆವರೆಗೂ ಬೇಕು. ಮಗುವಿಗೆ ಅದನ್ನು ಕರಗಿಸುವ ಕಿಣ್ವವೇ ಇನ್ನೂ ಬಂದಿರುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 200 ಮಿಲಿಗ್ರಾಂ ಮೀರಬೇಡಿ ಅಂತ 2015ರಲ್ಲಿ ಹೇಳಿದೆ. ನನ್ನನ್ನು ಕೇಳಿದರೆ ಬೆಳಿಗ್ಗೆ ಒಂದು ಲೋಟ ಸಾಕು. ಅತ್ತೆಯಂದಿರು ಅದನ್ನೂ ಕಿತ್ತುಕೊಳ್ಳಬೇಡಿ.

ನನ್ನ ಮಾತು ಇಷ್ಟೇ, ಆಮೇಲೆ ಪ್ರಶ್ನೆಗಳು ಬಂದವು. ಕಾಫಿ ಕುಡಿದರೆ ಮೈಯ ನೀರೆಲ್ಲ ಹೋಗುತ್ತಂತೆ, ನಿಜವಾ ಅಂತ ಒಬ್ಬರು ಕೇಳಿದರು. ಇಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ 50 ಗಂಡಸರಿಗೆ ದಿನಕ್ಕೆ ನಾಲ್ಕು ಕಪ್ ಕಾಫಿ ಕೊಟ್ಟು, ಇನ್ನೊಂದು ಸರದಿಯಲ್ಲಿ ಅಷ್ಟೇ ನೀರು ಕೊಟ್ಟು ಹೋಲಿಸಿದ್ದಾರೆ, ವ್ಯತ್ಯಾಸ ಸಿಗಲಿಲ್ಲ. ಹಿರಿಯರೊಬ್ಬರು ಸ್ವಲ್ಪ ದನಿ ತಗ್ಗಿಸಿ, ಬೆಳಿಗ್ಗೆ ಕಾಫಿ ಕುಡಿಯದಿದ್ದರೆ 'ಆ ಕಡೆ' ಹೋಗಲು ಆಗುವುದಿಲ್ಲವಲ್ಲ ಅಂದರು. ಎಲ್ಲರೂ ನಕ್ಕರು, ಆದರೆ ಅವರು ಹೇಳಿದ್ದು ನಿಜ. ಕಾಫಿ ಹೊಟ್ಟೆಗೆ ಬಿದ್ದ ನಾಲ್ಕು ನಿಮಿಷದಲ್ಲೇ ಕೆಲವರ ದೊಡ್ಡಕರುಳು ಚಲಿಸುತ್ತದೆ, ಎಲ್ಲರದ್ದೂ ಅಲ್ಲ. ಕೆಫೀನ್ ತೆಗೆದ ಕಾಫಿಗೂ ಚಲಿಸುತ್ತದೆ.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಎದ್ದು ನಿಂತರು. 'ಡಾಕ್ಟ್ರೇ, ಇಷ್ಟೆಲ್ಲಾ ಹೇಳಿದ್ರಿ. ಗಂಟೆ ಆರೂ ಮುಕ್ಕಾಲಾಯ್ತು. ಫ್ಲಾಸ್ಕಿನಲ್ಲಿ ನಲವತ್ತು ಜನರ ಕಾಫಿ ಇದೆ. ಏನ್ ಮಾಡೋದು?'

ಅರ್ಧ ಜನ ಕುಡಿದರು. ಕೆಲವರು ಬೈಟು ಮಾಡಿಕೊಂಡರು. ನಾನು ಬಿಸಿನೀರು ಕೇಳಿದೆ, ಇರಲಿಲ್ಲ. ಹೊರಗೆ ವಾಚನಾಲಯದ ವಾಚ್‌ಮನ್ ಆಗತಾನೇ ರಾತ್ರಿ ಪಾಳಿಗೆ ಬಂದು ಕುರ್ಚಿ ಒರೆಸುತ್ತಿದ್ದ. ನನ್ನ ಲೋಟ ಅವನಿಗೆ ಕೊಟ್ಟೆ. ಒಂದೇ ಉಸಿರಿಗೆ ಕುಡಿದು, 'ಇನ್ನೊಂದು ಉಂಟಾ ಸಾರ್, ಮೂರು ಗಂಟೆ ಹೊತ್ತಿಗೆ ಕಣ್ಣು ಎಳೀತದೆ' ಅಂದ. ಫ್ಲಾಸ್ಕನ್ನೇ ಅವನ ಕುರ್ಚಿ ಪಕ್ಕ ಇಟ್ಟು ಬಂದೆವು.